ಪಾಠ 14: ಅಲುಗದೆ ಕೂತವನು ಓಗೊಡುತ್ತಾನೆಯೇ?



ಈ ಶನಿವಾರ ಇರುಮುಡಿಯ ಮುಂದಿನ ಗಂಟು, ಹಿಂದಿನ ಗಂಟುಗಳ ಅರ್ಥ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಪುಣೆಯ ಒಬ್ಬ ಸ್ವಾಮಿ ಕಳಿಸಿದ ವಾಯ್ಸ್ ಮೆಸೇಜ್ ನನ್ನನ್ನು ನಾಲ್ಕು ದಿನ ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಅವರದು ಏಳನೆಯ ವರ್ಷದ ಮಾಲೆ. ವೃಶ್ಚಿಕ ಒಂದರಂದು ಮಾಲೆ ಹಾಕಿದರು. ಹತ್ತನೆಯ ದಿನ ತಾಯಿ ಆಸ್ಪತ್ರೆ ಸೇರಿದರು. ಮುಂಜಾನೆ ನಾಲ್ಕೂವರೆಗೆ ತಣ್ಣೀರು ಸ್ನಾನ, 108 ಶರಣು, ಅಲ್ಲಿಂದ ನೇರ ಆಸ್ಪತ್ರೆ, ಆಮೇಲೆ ಡ್ಯೂಟಿ. ವ್ರತದ 31ನೆಯ ದಿನ ತಾಯಿ ತೀರಿಕೊಂಡರು. ನಿಯಮ ನಿಮಗೆಲ್ಲ ಗೊತ್ತಿದೆ: ಸೂತಕ ಬಂದರೆ ಮಾಲೆ ತೆಗೆಯಬೇಕು. ಮಂಡಲ ತುಂಬಲು ಹತ್ತೇ ದಿನ ಉಳಿದಿರುವಾಗ ಮಾಲೆ ತೆಗೆದು, ಕಪ್ಪು ಪಂಚೆ ಮಡಿಸಿಟ್ಟು, ತಾಯಿಯ ಕಾರ್ಯಕ್ಕೆ ಕೂತರು. ಟಿಕೆಟ್ಟು ರದ್ದು ಮಾಡಿಸಿದ್ದು ಅವರ ತಂಡದವರು.

ಮೆಸೇಜಿನಲ್ಲಿ ಅವರು ಕೇಳಿದ್ದು ಇಷ್ಟು: "ಗುರುಸ್ವಾಮಿ, ಸ್ವಾಮಿ ಯೋಗದಲ್ಲಿ ಕೂತಿದ್ದಾನೆ, ಅವನಿಗೆ ಏರಿಳಿತ ಇಲ್ಲ, ಬದಲಾವಣೆ ಇಲ್ಲ ಅಂತ ನೀವೇ ಹೇಳ್ತೀರಿ. ಸರಿ. ಹಾಗಾದ್ರೆ ಮೂವತ್ತು ದಿನ ನಾನು ಕೂಗಿದ್ದು ಯಾರಿಗೆ? ಕೇಳಿಸಿಕೊಂಡು ಸುಮ್ಮನಿದ್ದನೋ, ಕೇಳಿಸಲೇ ಇಲ್ಲವೋ?"

ನಾನು ಪಂಡಿತನಲ್ಲ. ಹಗಲು ಹೋಟೆಲಿನ ಗಲ್ಲೆಯಲ್ಲಿ ಕೂತು, ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನು. ಗೀತೆಗೆ ಆಚಾರ್ಯರು ಬರೆದ ಭಾಷ್ಯಗಳನ್ನು ಓದುವ ಹುಚ್ಚು ಹಚ್ಚಿದ್ದು ಅಲ್ಲಿನ ಒಬ್ಬ ಮೇಷ್ಟ್ರು. ಆ ಓದಿನಲ್ಲಿ ಸಿಕ್ಕಿದ್ದನ್ನು ಹೇಳುತ್ತೇನೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಆ ಸ್ವಾಮಿಯ ಪ್ರಶ್ನೆ ಅವರೊಬ್ಬರದಲ್ಲ. ನಾವೆಲ್ಲ ಎರಡು ನಂಬಿಕೆಗಳನ್ನು ಒಟ್ಟಿಗೇ ಹೊತ್ತುಕೊಂಡು ಮಲೆ ಹತ್ತುತ್ತೇವೆ. ಸನ್ನಿಧಾನದಲ್ಲಿ ಕಾಣುವುದು ಮೊಣಕಾಲಿಗೆ ಯೋಗಪಟ್ಟ ಬಿಗಿದು, ಬಲಗೈಯಲ್ಲಿ ಚಿನ್ಮುದ್ರೆ ಹಿಡಿದು ಕೂತ ರೂಪ. ಪ್ರತಿ ತಿಂಗಳ ಪೂಜೆ ಮುಗಿಸಿ ನಡೆ ಮುಚ್ಚುವಾಗ ಆ ವಿಗ್ರಹಕ್ಕೆ ಭಸ್ಮ ಮೆತ್ತಿ, ರುದ್ರಾಕ್ಷಿ ಹಾಕಿ, ಯೋಗದಂಡವನ್ನಿಟ್ಟು ಯೋಗನಿದ್ರೆಗೆ ಬಿಡುತ್ತಾರೆ. ಗುಡಿಯ ಎದುರಿಗೆ ಬರೆದಿರುವುದು ತತ್ತ್ವಮಸಿ. ಅಲುಗದ ಸ್ಥಿತಿಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇರೆ ಬೇಕೇ? ಆದರೆ ಅದೇ ಸ್ವಾಮಿಯನ್ನು ನೀಲಿಮಲೆಯ ಏರಿನಲ್ಲಿ ಉಸಿರು ಸಿಕ್ಕಿಕೊಂಡಾಗ ಹೇಗೆ ಕೂಗುತ್ತೇವೆ? ಮೇಲಿನಿಂದ ಯಾರೋ ಇಳಿದು ಬಂದು ಕೈಹಿಡಿಯುತ್ತಾರೆ ಎನ್ನುವ ಹಾಗೆ. ಕೂಗುವಾಗ ಯಾರಿಗೂ ತತ್ತ್ವಶಾಸ್ತ್ರ ನೆನಪಾಗುವುದಿಲ್ಲ.

ಇವೆರಡರಲ್ಲಿ ಒಂದನ್ನು ಬಿಟ್ಟುಬಿಡಬಹುದಲ್ಲ ಎಂದರೆ, ಬಿಡಲಾಗದು. ದೇವರು ಬದಲಾಗುತ್ತಾನೆ ಎನ್ನೋಣ. ಆಗ ನಿನ್ನೆ ಅವನಲ್ಲಿ ಏನೋ ಕೊರತೆ ಇತ್ತು, ಇಂದು ತುಂಬಿತು ಎಂದಾಯಿತು. ಅಥವಾ ನಿನ್ನೆ ಪೂರ್ಣನಾಗಿದ್ದವನು ಇಂದು ಇಳಿದ ಎಂದಾಯಿತು. ಇನ್ನೂ ಕೆಟ್ಟದ್ದೆಂದರೆ, ಜೋರಾಗಿ ಕೂಗಿದವರ ಕಡೆ, ಹೆಚ್ಚು ಕಾಣಿಕೆ ಹಾಕಿದವರ ಕಡೆ ಬಗ್ಗುವ ಅಧಿಕಾರಿಯಂತಾಗುತ್ತಾನೆ. ಶಿಫಾರಸಿನ ಕಾಟದಿಂದ ಬೇಸತ್ತೇ ಊರು ಬಿಟ್ಟು ಬಂದವರು ನಮ್ಮಲ್ಲಿ ಎಷ್ಟು ಜನರಿಲ್ಲ! ದೇವರ ಮನೆಯಲ್ಲೂ ಅದೇ ಆದರೆ ಹೋಗುವುದೆಲ್ಲಿಗೆ? ಇತ್ತ, ಓಗೊಡುವುದೇ ಇಲ್ಲ ಎಂದರೆ ಶರಣು ಎಂಬ ಪದವೇ ಪೊಳ್ಳಾಗುತ್ತದೆ. ಶರಣು ಹೋಗುವುದು ಕಾಯುವವನ ಹತ್ತಿರ. ಕಲ್ಲುಬಂಡೆಯ ಹತ್ತಿರ ಅಲ್ಲ.

ಇದನ್ನು ಎದುರಿಸಿದ ಮೊದಲಿಗರು ನಾವಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲೇ ಈ ಆಕ್ಷೇಪ ಬಂದಿದೆ. ಲೋಕದಲ್ಲಿ ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ. ಹಾಗಿದ್ದ ಮೇಲೆ ದೇವರಿಗೆ ಪಕ್ಷಪಾತವೂ ನಿರ್ದಯೆಯೂ ಅಂಟುವುದಿಲ್ಲವೇ ಎಂಬ ಪ್ರಶ್ನೆ. ಶಾಸ್ತ್ರದಲ್ಲಿ ಇದಕ್ಕೆ ವೈಷಮ್ಯ, ನೈರ್ಘೃಣ್ಯ ಎಂದು ಹೆಸರು. ಕಾಲಡಿಯಲ್ಲಿ ಹುಟ್ಟಿದ ಶಂಕರರು, ಅಂದರೆ ಸ್ವಾಮಿಯ ನಾಡಿನವರೇ, ಅಲ್ಲಿ ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲ ಹೊಲಕ್ಕೂ ಒಂದೇ. ಭತ್ತ ಭತ್ತವಾಗಿ, ಜವೆ ಜವೆಯಾಗಿ ಬೆಳೆಯುವುದಕ್ಕೆ ಕಾರಣ ಬೀಜ. ಈಶ್ವರನೂ ಹಾಗೆಯೇ ಎಲ್ಲರಿಗೂ ಸಾಮಾನ್ಯ ಕಾರಣ. ವ್ಯತ್ಯಾಸ ಜೀವಿಗಳ ಕರ್ಮದ್ದು.

ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣ, ತನಗೆ ಎಲ್ಲ ಜೀವಿಗಳೂ ಸಮ ಎಂದವನೇ, ಭಕ್ತರು ತನ್ನಲ್ಲಿ, ತಾನು ಅವರಲ್ಲಿ ಎಂದೂ ಸೇರಿಸುತ್ತಾನಲ್ಲ, ಅಲ್ಲಿ ಶಂಕರರು ಕೊಡುವ ಇನ್ನೊಂದು ಹೋಲಿಕೆ ನನಗೆ ಹೆಚ್ಚು ಇಷ್ಟ. ಅದು ಬೆಂಕಿ. ಬೆಂಕಿ ದೂರ ಇರುವವನ ಚಳಿ ಬಿಡಿಸುವುದಿಲ್ಲ, ಹತ್ತಿರ ಬಂದವನ ಚಳಿ ಬಿಡಿಸುತ್ತದೆ. ಅದಕ್ಕೆ ಒಬ್ಬನ ಮೇಲೆ ಪ್ರೀತಿ, ಇನ್ನೊಬ್ಬನ ಮೇಲೆ ದ್ವೇಷ ಎಂದಿಲ್ಲ. ಹದಿನೆಂಟು ಮೆಟ್ಟಿಲಿನ ಬಳಿ ಉರಿಯುವ ಆಳಿಯನ್ನು ನೆನಪಿಸಿಕೊಳ್ಳಿ. ಅಭಿಷೇಕಕ್ಕೆ ತುಪ್ಪ ಕೊಟ್ಟ ಮೇಲೆ ಒಡೆದ ತೆಂಗಿನ ಹೋಳನ್ನು ಅದಕ್ಕೆ ಹಾಕುತ್ತೇವೆ. ಧನುರ್ಮಾಸದ ಚಳಿಯಲ್ಲಿ ಅದರ ಹತ್ತಿರ ಹೋದವನಿಗೆ ಬಿಸಿ ತಾಗುತ್ತದೆ, ಕ್ಯೂನಲ್ಲಿ ದೂರ ನಿಂತವನಿಗೆ ಇಲ್ಲ. ಆಳಿ ಯಾರನ್ನೂ ಆರಿಸಿಕೊಳ್ಳಲಿಲ್ಲ.

ಇದನ್ನು ಪುಣೆಯ ಸ್ವಾಮಿಗೆ ಫೋನಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂವತ್ತು ದಿನ ಹತ್ತಿರವೇ ಇದ್ದೆನಲ್ಲ ಗುರುಸ್ವಾಮಿ" ಎಂದರು. ಆಮೇಲೆ, "ಹತ್ತಿರ ಬಂದದ್ದು ನಾನು ಅಂತ ಬೆಂಕಿಗೆ ಗೊತ್ತಾಗ್ತದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನ್ ಇಟ್ಟ ಮೇಲೆ ಮತ್ತೆ ಪುಸ್ತಕ ತೆಗೆದೆ.

ಬೇರೆ ದೇಶದಲ್ಲೂ ಇಂಥದ್ದೇ ಒಂದು ಹೋಲಿಕೆ ಇದೆ. ಹದಿಮೂರನೆಯ ಶತಮಾನದಲ್ಲಿ ಇಟಲಿಯ ತಾಮಸ್ ಅಕ್ವಿನಾಸ್ ಎಂಬ ಕ್ರೈಸ್ತ ಪಂಡಿತರು ಕಂಬದ ಉದಾಹರಣೆ ಕೊಟ್ಟರು. ಕಂಬದ ಒಂದು ಪಕ್ಕದಲ್ಲಿದ್ದ ಪ್ರಾಣಿ ಇನ್ನೊಂದು ಪಕ್ಕಕ್ಕೆ ಬಂದರೆ ಕಂಬ ಎಡಕ್ಕಾಯಿತು, ಬಲಕ್ಕಾಯಿತು ಎನ್ನುತ್ತೇವೆ. ಆದರೆ ಸರಿದದ್ದು ಪ್ರಾಣಿ, ಕಂಬವಲ್ಲ. ಪ್ರದಕ್ಷಿಣೆ ಹಾಕುವ ನಮಗೆ ಇದು ಸುಲಭವಾಗಿ ತಲೆಗೆ ಹೋಗುತ್ತದೆ. ಅಕ್ವಿನಾಸರು ದೇವರಿಗೆ ಎಲ್ಲ ಗೊತ್ತು ಎಂದೂ ಹೇಳಿದವರೇ. ಆದರೂ ಸುತ್ತು ಬಂದವರು ಯಾರೆಂದು ಕಂಬಕ್ಕೆ ಗೊತ್ತಿಲ್ಲ ತಾನೆ? ಬೆಂಕಿಯ ಹೋಲಿಕೆ ಎಲ್ಲಿ ನಿಲ್ಲುತ್ತದೋ ಅಲ್ಲೇ ಇದೂ ನಿಲ್ಲುತ್ತದೆ.

ಶಂಕರರಿಗೆ ಅನ್ಯಾಯ ಮಾಡಬಾರದು. ಅದೇ ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಇನ್ನೊಂದು ವಾದ ಬರುತ್ತದೆ. ಕರ್ಮವೇ ತಾನಾಗಿ ಫಲ ಕೊಡುತ್ತದೆ, ನಡುವೆ ದೇವರು ಬೇಡ ಎನ್ನುವುದು ಜೈಮಿನಿಯ ಪಕ್ಷ. ಬಾದರಾಯಣರು ಫಲ ಬರುವುದು ಈಶ್ವರನಿಂದ ಎನ್ನುತ್ತಾರೆ. ಶಂಕರರೂ ಅದನ್ನೇ ಎತ್ತಿಹಿಡಿಯುತ್ತಾರೆ. ಕಾರಣವೇನು? ಕರ್ಮ ಜಡ. ಮಾಡಿದ ಕ್ಷಣವೇ ಮುಗಿದುಹೋಗುವಂಥದ್ದು. ಯಾರಿಗೆ, ಯಾವಾಗ, ಎಷ್ಟು ಎಂದು ತಿಳಿಯಲು ಅರಿವುಳ್ಳವನು ಬೇಕು. ಅಂದ ಮೇಲೆ ಶಂಕರರ ಈಶ್ವರನೂ ಕುರುಡು ಬೆಂಕಿಯಲ್ಲ, ಬಲ್ಲವನು. ಪುಣೆಯ ಸ್ವಾಮಿಯ ಎರಡನೆಯ ಅನುಮಾನ, ಕೇಳಿಸಲೇ ಇಲ್ಲವೋ ಎಂಬುದು, ಇಲ್ಲಿಗೆ ಹೋಯಿತು. ಮೊದಲನೆಯದು ಉಳಿಯಿತು. ಅದೇ ಹೆಚ್ಚು ನೋಯಿಸುವಂಥದ್ದು.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವರು ರಾಮಾನುಜರು. ಅವರಿಗೂ ದೇವರ ಸ್ವರೂಪ ಬದಲಾಗದು. ಜೀವ, ಜಗತ್ತು ಎರಡೂ ಅವನ ಶರೀರ, ಏರಿಳಿತವೆಲ್ಲ ಶರೀರಕ್ಕೆ, ಒಳಗಿರುವ ಅವನಿಗಲ್ಲ. ಇದು ಸಿದ್ಧಾಂತ. ಆದರೆ ಅವರ ಗೀತಾಭಾಷ್ಯ ಓದಿದರೆ ಸಿದ್ಧಾಂತಕ್ಕಿಂತ ಬಿಸಿಯಾದದ್ದು ಕೈಗೆ ತಾಗುತ್ತದೆ. ಏಳನೆಯ ಅಧ್ಯಾಯದಲ್ಲಿ ಕೃಷ್ಣ, ಜ್ಞಾನಿಯಾದ ಭಕ್ತ ತನ್ನ ಆತ್ಮವೇ ಎನ್ನುವ ಕಡೆ ರಾಮಾನುಜರು ಏನು ಅರ್ಥ ಹೇಳುತ್ತಾರೆ ಗೊತ್ತೇ? ತಾನು ನಿಂತಿರುವುದೇ ಆ ಭಕ್ತನ ಆಧಾರದ ಮೇಲೆ ಎಂದು ದೇವರು ಭಾವಿಸುತ್ತಾನೆ ಎಂದು! ತನ್ನನ್ನು ಬಿಟ್ಟು ಭಕ್ತ ಇರಲಾರ. ಹಾಗೆಯೇ ಅವನನ್ನು ಬಿಟ್ಟು ತಾನೂ ಇರಲಾರೆ ಎಂದು. ಒಂಬತ್ತನೆಯ ಅಧ್ಯಾಯದಲ್ಲಿ ಶಂಕರರು ಬೆಂಕಿ ಎಂದ ಅದೇ ಜಾಗದಲ್ಲಿ ರಾಮಾನುಜರು, ಭಕ್ತರು ತನಗಿಂತ ಮೇಲಿನವರೋ ಎಂಬಂತೆ ದೇವರು ಅವರೊಡನೆ ಇರುತ್ತಾನೆ ಎನ್ನುತ್ತಾರೆ. ಮೊದಲ ಸಲ ಇದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದು ಈಗಲೂ ನೆನಪಿದೆ.

ಹಾಗಾದರೆ ಭಕ್ತ ಬಂದಾಗ ದೇವರು ಬದಲಾದನಲ್ಲ ಎಂದು ಕೇಳಬಹುದು. ಇಲ್ಲ. ನೀವು ಬಂದಿರೆಂದು ಅವನಲ್ಲಿ ಪ್ರೀತಿ ಹುಟ್ಟಿದ್ದಲ್ಲ. ವಾತ್ಸಲ್ಯ ಅವನ ಗುಣ, ದೀಪಕ್ಕೆ ಬೆಳಕಿದ್ದಂತೆ, ಯಾವತ್ತೂ ಇದ್ದದ್ದು. ಬದಲಾಗದ್ದು ಯಾವುದು ಎಂದರೆ ಆ ಪ್ರೀತಿಯೇ. ಮೇಲುಕೋಟೆಗೆ ಹೋದವರು ನೋಡಿದ್ದೀರಿ: ಗರ್ಭಗುಡಿಯಲ್ಲಿ ಚೆಲುವನಾರಾಯಣ ನಿಂತಲ್ಲೇ ನಿಂತಿದ್ದಾನೆ. ಉತ್ಸವಮೂರ್ತಿಯ ಕಥೆಯೇ ಬೇರೆ. ಅದನ್ನು ಹುಡುಕಿಕೊಂಡು ರಾಮಾನುಜರು ದೆಹಲಿಯ ತನಕ ಹೋದರು, ಕರೆದಾಗ ಮೂರ್ತಿ ಮಗುವಿನಂತೆ ನಡೆದು ಬಂದು ಅವರ ತೊಡೆಯೇರಿತು, ಅದಕ್ಕೇ ಚೆಲುವಪಿಳ್ಳೆ ಎಂಬ ಹೆಸರು ಎಂದು ಅಲ್ಲಿಯ ಸಂಪ್ರದಾಯ ಹೇಳುತ್ತದೆ. ಒಂದೇ ಗುಡಿಯಲ್ಲಿ ನಿಂತವನೂ ಇದ್ದಾನೆ, ಕರೆದರೆ ನಡೆದು ಬಂದವನೂ ಇದ್ದಾನೆ. ಪೂಜೆ ಮಾಡುವವರಿಗೆ ಇದರಲ್ಲಿ ಯಾವ ತೊಡಕೂ ಕಂಡಿಲ್ಲ.

ನಮ್ಮ ಕರಾವಳಿಯವರಿಗೆ ಇಷ್ಟರಲ್ಲಿ ಉಡುಪಿ ನೆನಪಾಗಿರುತ್ತದೆ. ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿರುವುದು, ಹೊರಗೆ ನಿಂತು ಹಾಡಿದ ಕನಕದಾಸರಿಗಾಗಿ ತಿರುಗಿದ್ದರಿಂದ ಎಂದು ಕಥೆ. ಆ ಕೃಷ್ಣನನ್ನು ಅಲ್ಲಿ ಪ್ರತಿಷ್ಠೆ ಮಾಡಿದ ಮಧ್ವಾಚಾರ್ಯರಾದರೋ (1238–1317) ದೇವರಲ್ಲಿ ಎಳ್ಳಷ್ಟೂ ವಿಕಾರ ಒಪ್ಪದವರು. ಹಾಗಾದರೆ ತಿರುಗಿದ್ದು ಹೇಗೆ? ಅವರ ಪಂಥದ ವಿವರಣೆ ಸೊಗಸಾಗಿದೆ. ದೇವರ ಇಚ್ಛೆ, ಕ್ರಿಯೆ ಯಾವುದೂ ಹೊಸದಾಗಿ ಹುಟ್ಟುವುದಿಲ್ಲ. ಶಕ್ತಿರೂಪದಲ್ಲಿ ಯಾವಾಗಲೂ ಇರುವುದು, ಆಯಾ ಕಾಲಕ್ಕೆ ವ್ಯಕ್ತಿರೂಪದಲ್ಲಿ ಹೊರಗೆ ಕಾಣಿಸುತ್ತದೆ. ನಮ್ಮ ಭಜನೆಯಲ್ಲಿ ಮೃದಂಗ ನುಡಿಸುವ ಸ್ವಾಮಿ ನಿದ್ದೆ ಮಾಡುವಾಗಲೂ ಅವರ ವಿದ್ಯೆ ಅವರಲ್ಲೇ ಇದೆ. ಕೈ ಆಡಿಸಿದಾಗ ನಮಗೆ ಕೇಳಿಸಿತು, ಅಷ್ಟೆ. ವಿದ್ವಾಂಸರು ನನ್ನ ಉದಾಹರಣೆಗೆ ನಗಬಹುದು, ಇರಲಿ. ಕರ್ಮದ ವಿಷಯದಲ್ಲೂ ಮಧ್ವರದು ಗಟ್ಟಿ ನಿಲುವು. ದೇವರು ಕರ್ಮವನ್ನು ನೋಡಿ ಫಲ ಕೊಡುತ್ತಾನೆ, ನಿಜ. ಆದರೆ ಆ ಕರ್ಮ ಇರುವುದೇ ಅವನ ಅಧೀನದಲ್ಲಿ, ಆದ್ದರಿಂದ ಅವನ ಸ್ವಾತಂತ್ರ್ಯಕ್ಕೆ ಕುಂದಿಲ್ಲ.

ಕೃಪೆಗೆ ನಮ್ಮ ಕಡೆಯಿಂದ ಏನಾದರೂ ಬೇಕೇ, ಬೇಡವೇ ಎಂದು ರಾಮಾನುಜರ ನಂತರ ಅವರ ಅನುಯಾಯಿಗಳೇ ಎರಡು ಪಂಗಡವಾದರು. ತಾಯಿಯನ್ನು ತಾನೇ ಅಪ್ಪಿ ಹಿಡಿಯುವ ಕೋತಿಮರಿಯಂತೆ ಎಂದು ಒಂದು ಕಡೆ. ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುವ ಬೆಕ್ಕಿನ ಮರಿಯಂತೆ ಎಂದು ಇನ್ನೊಂದು ಕಡೆ. ಇದರ ಮೇಲೆ ಬೇರೆಯೇ ಪಾಠ ಬರೆಯಬಹುದು, ಇವತ್ತಿಗೆ ಬೇಡ.

ಆದರೆ ಕರ್ಮದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪುಣೆಯ ಸ್ವಾಮಿಯ ಮನೆಗೆ ಹನ್ನೊಂದನೆಯ ದಿನ ಬಂದವರೊಬ್ಬರು, "ಅವರವರ ಕರ್ಮ, ದೇವರು ಏನು ಮಾಡ್ತಾನೆ?" ಎಂದು ಹೇಳಿಹೋದರಂತೆ. ನಾವೂ ಎಷ್ಟು ಸಲ ಹೀಗೆ ಹೇಳಿಲ್ಲ! ಸೂತ್ರದಲ್ಲಿ ಆ ವಾದ ಬಂದಿರುವುದು ದೇವರ ಮೇಲೆ ಕ್ರೌರ್ಯದ ಆರೋಪ ಬಂದಾಗ, ಅವನ ಪರವಾಗಿ. ಅದು ಕೋರ್ಟಿನಲ್ಲಿ ವಕೀಲ ಆಡುವ ಮಾತು. ಸಾವಿನ ಮನೆಯ ಜಗಲಿಯಲ್ಲಿ ಕೂತು, ತಾಯಿ ಕಳೆದುಕೊಂಡವನ ಮುಖಕ್ಕೆ ಅದನ್ನು ಆಡಿದರೆ ಶಾಸ್ತ್ರ ಹೇಳಿದಂತಾಗುವುದಿಲ್ಲ, ಗಾಯಕ್ಕೆ ಉಪ್ಪು ಸವರಿದಂತಾಗುತ್ತದೆ. ಮೂವರು ಆಚಾರ್ಯರೂ ಕರ್ಮವನ್ನು ಒಪ್ಪುತ್ತಾರೆ. ಆದರೆ ಇಂಥ ತಾಯಿ ಇಂಥ ದಿನವೇ ಏಕೆ ಹೋದಳು ಎಂಬ ಲೆಕ್ಕ ನಮಗೆ ಗೊತ್ತಾಗುತ್ತದೆ ಎಂದು ಅವರಲ್ಲಿ ಯಾರೂ ನಮ್ಮ ಕೈಗೆ ಅದನ್ನು ಕೊಟ್ಟಿಲ್ಲ.

ಕೊನೆಗೆ ನನಗೆ ನೆರವಾದದ್ದು ಭಾಷ್ಯವಲ್ಲ, ನಾವು ಪ್ರತಿ ವರ್ಷ ಕಂಡೂ ಕಾಣದೆ ದಾಟಿ ಹೋಗುವ ಒಂದು ಜಾಗ: ಶರಂಕುತ್ತಿ.

ಕಥೆ ನಿಮಗೆ ಗೊತ್ತು. ಮಹಿಷಿಯ ಸಂಹಾರವಾದಾಗ ಶಾಪ ಕಳೆದು ಹೊರಬಂದ ತರುಣಿ ಮಣಿಕಂಠನನ್ನೇ ವರಿಸಬೇಕೆಂದು ಬೇಡಿಕೊಂಡಳು. ಅವನು ನೈಷ್ಠಿಕ ಬ್ರಹ್ಮಚಾರಿ. ಹೂಂ ಎನ್ನಲಾರ. ಹಾಗೆಂದು ಆಚೆಗೆ ಅಟ್ಟಲೂ ಇಲ್ಲ. ಯಾವ ವರ್ಷ ಒಬ್ಬ ಕನ್ನಿಸ್ವಾಮಿಯೂ ತನ್ನ ಸನ್ನಿಧಾನಕ್ಕೆ ಬರುವುದಿಲ್ಲವೋ ಆ ವರ್ಷ ವರಿಸುತ್ತೇನೆ ಎಂದು ಮಾತು ಕೊಟ್ಟ. ಅಲ್ಲಿಯ ತನಕ ಇರಲು ತನ್ನ ಹತ್ತಿರವೇ ಜಾಗ ಕೊಟ್ಟ. ಅವಳೇ ಮಾಳಿಕಪ್ಪುರತ್ತಮ್ಮ. ಮೊದಲ ಸಲ ಬರುವವರು ಶರಂಕುತ್ತಿಯಲ್ಲಿ ಶರ ಚುಚ್ಚಿ ಹೋಗುತ್ತಾರೆ. ಮಕರವಿಳಕ್ಕಿನ ಕಾಲದಲ್ಲಿ ಅಮ್ಮನ ಮೆರವಣಿಗೆ ವಾದ್ಯ, ದೀವಟಿಗೆಗಳೊಂದಿಗೆ ಅಲ್ಲಿಗೆ ಹೋಗುತ್ತದೆ. ರಾಶಿ ರಾಶಿ ಶರಗಳನ್ನು ಕಂಡು ಸದ್ದಿಲ್ಲದೆ ಹಿಂದಿರುಗುತ್ತದೆ. ಪ್ರತಿ ವರ್ಷವೂ.

ಇಲ್ಲಿ ಸ್ವಾಮಿ ಬದಲಾದನೇ? ಇಲ್ಲ, ವ್ರತ ಹಾಗೆಯೇ ಇದೆ. ಓಗೊಡಲಿಲ್ಲವೇ? ಕೊಟ್ಟಿದ್ದಾನೆ, ಕೇಳಿದ್ದನ್ನು ಕೊಡಲಿಲ್ಲ, ಆದರೆ ಕೇಳಿದವಳಿಗೆ ತನ್ನ ಪಕ್ಕದಲ್ಲಿ ಜಾಗ ಕೊಟ್ಟಿದ್ದಾನೆ. ಅವಳ ಗುಡಿಯ ಸುತ್ತ ತೆಂಗಿನಕಾಯಿ ಉರುಳಿಸಿ, ಅರಿಸಿನ ಅರ್ಪಿಸಿ ಬರದೆ ನಮ್ಮ ಯಾತ್ರೆ ಪೂರ್ತಿ ಎನ್ನಿಸುವುದಿಲ್ಲ. ಇನ್ನೂ ಒಂದು ವಿಷಯ ನೋಡಿ. ಕನ್ನಿಸ್ವಾಮಿಯ ಕೈಯಲ್ಲಿರುವ ಆ ಸಣ್ಣ ಶರ ಅವನ ಪಾಲಿಗೆ ಸ್ವಾಮಿಯ 'ಬಾ'. ಅದೇ ಶರ ಅಮ್ಮನ ಪಾಲಿಗೆ 'ಇನ್ನೂ ಕಾದಿರು'. ಸ್ವಾಮಿ ಎರಡು ಸಲ ಮನಸ್ಸು ಬದಲಾಯಿಸಲಿಲ್ಲ. ಒಂದೇ ವ್ರತ, ಎರಡು ಕಡೆ ಎರಡು ಉತ್ತರವಾಗಿ ತಲುಪಿತು. ಅಮ್ಮನ ದುಃಖ ಸುಳ್ಳೆಂದು ಕಥೆ ಹೇಳುವುದಿಲ್ಲ; ವಾದ್ಯ ನಿಂತು ಹೋಗುವುದೇ ಅದಕ್ಕೆ.

ಹಾಗಾಗಿ ಪುಣೆಯ ಸ್ವಾಮಿಗೆ ಮತ್ತೆ ಫೋನ್ ಮಾಡಿ ಇಷ್ಟು ಹೇಳಿದೆ: ಕೇಳಿಸಿತು ಎಂದೇ ನಾನು ನಂಬಿದ್ದೇನೆ. ತಾಯಿಯನ್ನು ಉಳಿಸಿಕೊಡಲಿಲ್ಲ ಎನ್ನುವುದೂ ನಿಜ, ಅದಕ್ಕೆ ಸಮಜಾಯಿಷಿ ಹೇಳುವ ಅಧಿಕಾರ ನನಗಿಲ್ಲ. ಆ ಮೂವತ್ತು ದಿನ ನಾಲ್ಕೂವರೆಗೆ ಎದ್ದು ಕೂಗಿದಾಗ ನೀವು ಒಬ್ಬರೇ ಇದ್ದಿರಾ, ಇರಲಿಲ್ಲವಾ ಎಂಬುದನ್ನು ನೀವೇ ಹೇಳಬೇಕು, ನಾನಲ್ಲ.

ಅವರು ತುಂಬಾ ಹೊತ್ತು ಮಾತಾಡಲಿಲ್ಲ. ನನ್ನ ಮಾತಿಗೆ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಕಡೆಗೆ, ಕೊನೆಯ ದಿನಗಳಲ್ಲಿ ಅಮ್ಮ ಅವರನ್ನು ಹೆಸರು ಹಿಡಿದು ಕರೆಯದೆ, ಎಲ್ಲರಂತೆ "ಸ್ವಾಮಿ" ಎಂದೇ ಕರೆಯುತ್ತಿದ್ದರು, ನೀರು ಬೇಕಾದಾಗಲೂ "ಸ್ವಾಮಿ, ನೀರು" ಎನ್ನುತ್ತಿದ್ದರು ಎಂದರು. ಆಮೇಲೆ ತೆಗೆದ ಮಾಲೆಯನ್ನು ಎಲ್ಲಿಡಬೇಕು ಎಂದು ಕೇಳಿದರು. ಬಟ್ಟೆಯ ಕಪಾಟಿನಲ್ಲಿ ಇಟ್ಟಿದ್ದಾರಂತೆ. ಸೂತಕ ಕಳೆದಿದೆ, ಶುದ್ಧ ಮಾಡಿ ದೇವರ ಕೋಣೆಯಲ್ಲಿ ಸ್ವಾಮಿಯ ಪಟಕ್ಕೆ ಹಾಕಿಡಿ, ವರ್ಷ ತುಂಬಿದ ಮೇಲೆ ಅದನ್ನೇ ಹಾಕಿಕೊಳ್ಳಬಹುದು ಎಂದೆ.

ಇರುಮುಡಿಯ ಪಾಠ ಮುಂದಿನ ಶನಿವಾರ. ಪ್ರಶ್ನೆಗಳಿದ್ದವರು ಗುಂಪಿನಲ್ಲೇ ಕೇಳಿ. ನನಗೊಬ್ಬನಿಗೇ ಕಳಿಸಿದರೆ ಉಳಿದವರಿಗೆ ತಪ್ಪಿಹೋಗುತ್ತದೆ.

ಸ್ವಾಮಿ ಶರಣಂ.